ಗೋಲು ಬಿದ್ದದ್ದು ಹಿಂದೆ, ತಪ್ಪಿದ್ದು ಮುಂದೆ

ಭಾಗಮಂಡಲದಿಂದ ಪಶ್ಚಿಮಕ್ಕೆ, ಕಾಡಿನ ನಡುವೆ ತಿರುವುಗಳಲ್ಲಿ ಇಳಿಯುತ್ತಾ ಹೋದರೆ ಕೊಡಗಿನ ಗಡಿಯೂರು ಕರಿಕೆ. ಅದರಾಚೆಗೆ ಪಾಣತ್ತೂರು, ಕಾಸರಗೋಡು ಜಿಲ್ಲೆ. ಮಡಿಕೇರಿ ತಾಲ್ಲೂಕಿಗೆ ಸೇರಿದ ಈ ಊರಿನಲ್ಲಿ ಅರೆಭಾಷೆ, ಮಲಯಾಳ, ಕನ್ನಡ, ತುಳು ಒಂದೇ ಚಹದಂಗಡಿಯ ಬೆಂಚಿನ ಮೇಲೆ ಕೇಳಿಸುತ್ತವೆ. ಆಟಗಳ ಕಥೆಯೂ ಅದೇ. ಪೂರ್ವಕ್ಕೆ ಘಟ್ಟ ಹತ್ತಿದರೆ ಹಾಕಿಯ ನಾಡು. ಪಶ್ಚಿಮಕ್ಕೆ ಇಳಿದರೆ ರಾಜಪುರ, ಕಾಞಂಗಾಡು. ಅಲ್ಲಿ ಫುಟ್‌ಬಾಲ್, ಅದರಲ್ಲೂ ಬೇಸಿಗೆಯ ರಾತ್ರಿಗಳಲ್ಲಿ ಏಳೇಳು ಜನ ಆಡುವ ಸೆವೆನ್ಸ್. ಕಲ್ಲಪಳ್ಳಿ ದಾಟಿ ಸುಳ್ಯದ ಕಡೆ ತಿರುಗಿದರೆ ಕಬಡ್ಡಿ, ಹಗ್ಗಜಗ್ಗಾಟ. ಕರಿಕೆಯ ಹುಡುಗರು ಓದಲು ಹೋಗುವುದೂ ಈ ಮೂರು ದಿಕ್ಕಿಗೇ. ಯಾವ ಕಡೆಯ ಕಾಲೇಜು ಸೇರುತ್ತಾರೋ ಆ ಕಡೆಯ ಆಟ ಅಂಟಿಕೊಳ್ಳುತ್ತದೆ.

ಆಟ ಯಾವುದಾದರೂ ಸೋತ ತಂಡದ ಮಾತು ಒಂದೇ. ಕಾಲೇಜು ತಂಡ ಪಂದ್ಯ ಮುಗಿಸಿ ಜೀಪು ಹತ್ತಿತೆಂದರೆ ಒಳಗೆ ಎರಡು ಪಕ್ಷ. ‘ನಾವು ಎರಡು ಗೋಲು ಹೊಡೆದುಕೊಟ್ಟೆವು, ನೀವು ಮೂರು ಬಿಟ್ಟಿರಿ’ ಎಂದು ಫಾರ್ವರ್ಡ್‌ಗಳು. ‘ಚೆಂಡು ನಿಮ್ಮ ಹತ್ತಿರ ಅರ್ಧ ನಿಮಿಷ ನಿಂತಿದ್ದರೆ ತಾನೆ ನಾವು ಉಸಿರು ಬಿಡೋದು’ ಎಂದು ಬ್ಯಾಕ್‌ಗಳು. ಜಗಳ ಬಿಸಿಯಾಗುವ ಹೊತ್ತಿಗೆ ಮುಂದಿನ ಸೀಟಿನಿಂದ ಪಿ.ಟಿ. ಮಾಸ್ತರರು ತಿರುಗಿ, ‘ಎಲ್ಲರದೂ ತಪ್ಪಿದೆ, ಬಿಡ್ರೋ’ ಅನ್ನುತ್ತಾರೆ. ಜಗಳ ನಿಲ್ಲುತ್ತದೆ. ಅದರ ಜೊತೆಗೆ ತಪ್ಪು ಎಲ್ಲಿ ಆಯಿತು ಎಂಬ ಹುಡುಕಾಟವೂ ನಿಲ್ಲುತ್ತದೆ.

ಈ ಮೂರು ಮಾತುಗಳಲ್ಲಿ ಮೂರನೆಯದೇ ಹೆಚ್ಚು ಹಾನಿಯದು ಎಂಬುದು ನನ್ನ ಅಭಿಪ್ರಾಯ. ಮೊದಲ ಎರಡರಲ್ಲಿ ಅರ್ಧರ್ಧ ಸತ್ಯವಾದರೂ ಇದೆ. ಮೂರನೆಯದರಲ್ಲಿ ಇರುವುದು ಸಮಾಧಾನ ಮಾತ್ರ.

ಕೊಡಗಿನವರಿಗೆ ಹತ್ತಿರದ ಒಂದು ಪಂದ್ಯವನ್ನೇ ತೆಗೆದುಕೊಳ್ಳೋಣ. 2013ರ ಸೆಪ್ಟೆಂಬರ್ 1, ಮಲೇಷ್ಯಾದ ಇಪೊ ನಗರ, ಏಷ್ಯಾ ಕಪ್ ಹಾಕಿ ಫೈನಲ್. ದಕ್ಷಿಣ ಕೊರಿಯಾ 4, ಭಾರತ 3. ಆಗ ಪಂದ್ಯ 70 ನಿಮಿಷದ್ದು. 28ನೇ ನಿಮಿಷಕ್ಕೆ ಕೊರಿಯಾದ ಮೊದಲ ಗೋಲು, 29ಕ್ಕೆ ಎರಡನೆಯದು. ವಿರಾಮದ ನಂತರ 48ನೇ ನಿಮಿಷದಲ್ಲಿ ರೂಪಿಂದರ್ ಪಾಲ್ ಸಿಂಗ್, 55ರಲ್ಲಿ ನಮ್ಮ ಕೊಡಗಿನ ನಿಕಿನ್ ತಿಮ್ಮಯ್ಯ ಗೋಲು ಹೊಡೆದು ಸಮ ಮಾಡಿದರು. 57ರಲ್ಲಿ ಕೊರಿಯಾ ಮತ್ತೆ ಮುಂದೆ ಹೋಯಿತು. 65ರಲ್ಲಿ ಮನ್‌ದೀಪ್ ಸಿಂಗ್ ಮತ್ತೆ ಸಮ ಮಾಡಿದರು. 68ರಲ್ಲಿ ಕೊರಿಯಾದ ನಾಲ್ಕನೆಯ ಗೋಲು. ಕಪ್ ಹೋಯಿತು.

ಜೀಪಿನ ಲೆಕ್ಕದಲ್ಲಿ ಇದು ಸುಲಭದ ತೀರ್ಪು. ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಮೇಲೆ ಫಾರ್ವರ್ಡ್‌ಗಳಿಂದ ಇನ್ನೇನು ಬೇಕು? ನಾಲ್ಕು ಬಿಟ್ಟವರು ಹಿಂದಿನವರು, ಅವರೇ ಹೊಣೆ. ಆದರೆ ಸ್ಕೋರನ್ನು ಬಿಟ್ಟು ನಿಮಿಷಗಳನ್ನು ಓದಿ ನೋಡಿ. 28ನೇ ನಿಮಿಷದಲ್ಲಿ ಗೋಲು ತಿಂದ ತಂಡಕ್ಕೇ ಮೈದಾನದ ನಡುವಿನಿಂದ ಆಟ ಶುರು ಮಾಡುವ ಹಕ್ಕು. ಅಂದರೆ ಆಟ ಮತ್ತೆ ಆರಂಭವಾದಾಗ ಚೆಂಡು ಭಾರತದ ಸ್ಟಿಕ್ಕಿನಲ್ಲಿತ್ತು. ನಿಮಿಷವೊಂದರ ಆಸುಪಾಸಿನಲ್ಲಿ ಅದೇ ಚೆಂಡು ಭಾರತದ ಗೋಲಿನೊಳಗೆ. ನಡುಗೆರೆಯಲ್ಲಿ ಕೈಯಲ್ಲಿದ್ದ ಚೆಂಡನ್ನು ಫುಲ್ ಬ್ಯಾಕ್ ಕಳೆದುಕೊಂಡಿರಲಾರ. ಅವನಿಗೆ ಅದು ಮುಟ್ಟುವುದರೊಳಗೇ ಕೆಲಸ ಕೆಟ್ಟಿರುವ ಸಾಧ್ಯತೆ ಹೆಚ್ಚು. 57 ಮತ್ತು 68ರ ಗೋಲುಗಳ ಜಾತಿಯೇ ಬೇರೆ. ಅವೆರಡೂ ಭಾರತ ಸಮ ಮಾಡಿದ ಎರಡು ಮೂರು ನಿಮಿಷಕ್ಕೆ ಬಂದವು. ಆಗ ಆಟ ಶುರು ಮಾಡಿದ್ದು ಕೊರಿಯಾ. ಸಮ ಮಾಡಿದ ಹುರುಪಿನಲ್ಲಿ ಗೆಲುವಿನ ಗೋಲಿಗೆ ನುಗ್ಗುವುದೋ, ಐದು ನಿಮಿಷ ಬಿಗಿಯಾಗಿ ನಿಲ್ಲುವುದೋ? ಆ ನಿರ್ಧಾರವನ್ನು ಹಿಂದಿನ ನಾಲ್ವರ ಮೇಲೆ ಬಿಟ್ಟು ಮುಂದಿನವರು ಸುಮ್ಮನಿರಲಾಗದು. ಅದು ಹನ್ನೊಂದು ಜನರದ್ದು, ಬೆಂಚಿನಲ್ಲಿ ಕೂತ ಕೋಚ್‌ನದ್ದು. ನಾಲ್ಕು ಗೋಲು ಎಂಬ ಒಂದು ಅಂಕಿಯೊಳಗೆ ಕನಿಷ್ಠ ಎರಡು ಬಗೆಯ ತಪ್ಪು ಕೂತಿದೆ.

ಇನ್ನೊಂದು ಸ್ವಾರಸ್ಯ. ಆ ಫೈನಲ್‌ನಲ್ಲಿ ಭಾರತದ ಮೂರು ಗೋಲುಗಳಲ್ಲಿ ಮೊದಲನೆಯದನ್ನು ಹೊಡೆದ ರೂಪಿಂದರ್ ಫಾರ್ವರ್ಡ್ ಅಲ್ಲ, ರಕ್ಷಣೆಯ ಆಟಗಾರ. ಆ ಟೂರ್ನಿಯ ಶ್ರೇಷ್ಠ ಆಟಗಾರನಾಗಿ ಆಯ್ಕೆಯಾದವರು ವಿ.ಆರ್. ರಘುನಾಥ್, ಅವರೂ ಫುಲ್ ಬ್ಯಾಕ್, ಅವರೂ ಕೊಡಗಿನವರು. ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡಿ ಗೋಲು ಹೊಡೆಯುವುದು ಇಂದಿನ ಹಾಕಿಯಲ್ಲಿ ಬಹುಮಟ್ಟಿಗೆ ಬ್ಯಾಕ್‌ಗಳ ಕಸುಬು. ಗೋಲು ಹೊಡೆಯುವುದು ಮುಂದಿನವರ ಕೆಲಸ, ತಡೆಯುವುದು ಹಿಂದಿನವರ ಕೆಲಸ ಎಂಬ ವಿಭಜನೆಯನ್ನು ಆಟವೇ ಕೈಬಿಟ್ಟು ಎಷ್ಟೋ ಕಾಲವಾಗಿದೆ. ಜೀಪಿನ ಜಗಳ ಮಾತ್ರ ಅದನ್ನು ಹಿಡಿದುಕೊಂಡಿದೆ.

ಒಂದು ಕಾಲಕ್ಕೆ ಆ ವಿಭಜನೆಗೆ ಅರ್ಥವಿತ್ತು. ನಮ್ಮ ಹಿರಿಯರು ಕಲಿತ ಹಾಕಿ ಐದು ಫಾರ್ವರ್ಡ್, ಮೂರು ಹಾಫ್, ಎರಡು ಬ್ಯಾಕ್‌ಗಳ ಆಟ. ಲೆಫ್ಟ್ ಔಟ್, ರೈಟ್ ಇನ್, ಸೆಂಟರ್ ಹಾಫ್ ಎಂದು ಪ್ರತಿಯೊಬ್ಬನಿಗೂ ಒಂದು ಹೆಸರು, ಹೆಸರಿಗೊಂದು ಜಾಗ. ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್ ಮುಂದಿನ ಸಾಲಿನಲ್ಲಿ ಹೆಸರು ಮಾಡಿದ ಕಾಲ ಅದು. 1990ರ ದಶಕದ ಕೊನೆಗೆ ಹಾಕಿಯಿಂದ ಆಫ್‌ಸೈಡ್ ನಿಯಮ ಹೋಯಿತು. ಅಷ್ಟರಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಹೊರಗೆ ಕರೆದು ಒಳಗೆ ಕಳಿಸುವ ಅವಕಾಶವೂ ಬಂದಿತ್ತು. ಎದುರಾಳಿ ಫಾರ್ವರ್ಡ್ ನಮ್ಮ ಗೋಲಿನ ಬಾಯಲ್ಲೇ ಬಂದು ನಿಲ್ಲಬಹುದು ಎಂದಾದಾಗ ನಮ್ಮ ಬ್ಯಾಕ್ ಅವನನ್ನು ಬಿಟ್ಟು ಮುಂದೆ ಬರುವಂತಿಲ್ಲ. ರಕ್ಷಣೆಯ ಸಾಲು ಹಿಂದಕ್ಕೆ ಜಗ್ಗಿತು, ನಡುವೆ ಬಯಲು ಬಿದ್ದಿತು. ಆ ಬಯಲನ್ನು ತುಂಬುವವರು ಯಾರು? ಕೆಳಗೆ ಓಡಿ ಬರುವ ಫಾರ್ವರ್ಡ್‌ಗಳೇ. ಅವರು ಬರದಿದ್ದರೆ ಇಬ್ಬರು ಬ್ಯಾಕ್‌ಗಳ ಎದುರು ಮೂವರು ಚೆಂಡು ಹಿಡಿದು ಓಡಿ ಬರುತ್ತಾರೆ. ಆಗ ಬ್ಯಾಕ್ ಎಷ್ಟೇ ಜಾಣನಾದರೂ ಅವನ ಕೈಯಲ್ಲಿ ಉಳಿಯುವುದು ಅದೃಷ್ಟ ಮಾತ್ರ.

ಪೆನಾಲ್ಟಿ ಕಾರ್ನರ್ ಇದಕ್ಕೆ ಸ್ಪಷ್ಟ ಉದಾಹರಣೆ. ನಿಯಮದ ಪ್ರಕಾರ ರಕ್ಷಿಸುವ ತಂಡದಿಂದ ಗೋಲ್‌ಕೀಪರ್ ಸೇರಿ ಐವರಿಗಷ್ಟೇ ಗೋಲುಗೆರೆಯ ಹಿಂದೆ ಜಾಗ. ಉಳಿದವರು ನಡುಗೆರೆಯ ಆಚೆ ಹೋಗಿ ನಿಂತು ನೋಡಬೇಕು. ಗೋಲು ಬಿದ್ದರೆ ಕ್ಯಾಮೆರಾ ತೋರಿಸುವುದು ಆ ಐವರನ್ನು. ಆದರೆ ಕಾರ್ನರ್ ಸಿಕ್ಕಿದ್ದು ಹೇಗೆ? ಅನೇಕ ಸಲ ಸುಸ್ತಾದ ಫಾರ್ವರ್ಡ್ ಒಬ್ಬ ತಡವಾಗಿ ಹಿಂದೆ ಓಡಿ ಬಂದು, ಸರ್ಕಲ್ಲಿನೊಳಗೆ ಅಡ್ಡಾದಿಡ್ಡಿ ಸ್ಟಿಕ್ ಹಾಕಿ ಫೌಲ್ ಮಾಡಿರುತ್ತಾನೆ. ಆಮೇಲೆ ಅವನೇ ನಡುಗೆರೆಯಾಚೆ ನಿಂತು ‘ಸರಿಯಾಗಿ ತಡೀರೋ’ ಎಂದು ಕೂಗುತ್ತಿರುತ್ತಾನೆ. ಅಂಪೈರ್ ಜೊತೆ ವಾದಿಸಿ ಹಸಿರು ಕಾರ್ಡ್ ಪಡೆದು ಎರಡು ನಿಮಿಷ ಹೊರಗೆ ಕೂರುವ ಫಾರ್ವರ್ಡ್ ಕಥೆಯೂ ಇಷ್ಟೇ. ಕಾರ್ಡ್ ಅವನದು, ಹತ್ತೇ ಜನರಲ್ಲಿ ತಡೆಯುವ ಕಷ್ಟ ಹಿಂದಿನವರದು.

ಹಾಗಿದ್ದರೂ ನಮ್ಮ ಬೈಗುಳ ಯಾಕೆ ಯಾವಾಗಲೂ ಹಿಂದಕ್ಕೇ ಹರಿಯುತ್ತದೆ? ಕಣ್ಣಿನ ದೋಷ ಅದು. ಕೊನೆಗೆ ಚೆಂಡಿನ ಹತ್ತಿರ ಇದ್ದವನು ಕಣ್ಣಿಗೆ ಬೀಳುತ್ತಾನೆ. ಇಪ್ಪತ್ತು ಸೆಕೆಂಡು ಹಿಂದೆ, ಅರವತ್ತು ಗಜ ದೂರದಲ್ಲಿ ಚೆಂಡು ಕಳೆದವನು ಕಣ್ಣಿನಿಂದ ಆಗಲೇ ಮರೆಯಾಗಿರುತ್ತಾನೆ. ಈ ದೋಷಕ್ಕೆ ಭಾರತದಲ್ಲಿ ಅತಿ ಹೆಚ್ಚು ಬೆಲೆ ತೆತ್ತವರು ಗೋಲ್‌ಕೀಪರ್ ಮೀರ್ ರಂಜನ್ ನೇಗಿ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನದ ಎದುರು ಭಾರತ 1-7ರಿಂದ ಸೋತಿತು. ಪಂದ್ಯದ ಮೊದಲ ಗೋಲು ಭಾರತದ್ದೇ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಆ ಒಂದು ಗೋಲಿನ ನಂತರ ಉಳಿದಷ್ಟೂ ಹೊತ್ತು ನಮ್ಮ ಮುಂದಿನ ಸಾಲಿಗೆ ಇನ್ನೊಂದು ದಕ್ಕಲಿಲ್ಲ. ಸಮ ಮಾಡಲು ಇಡೀ ತಂಡ ಮೇಲೆ ನುಗ್ಗಿದಾಗ ಪಾಕಿಸ್ತಾನದ ವೇಗದ ಫಾರ್ವರ್ಡ್‌ಗಳಿಗೆ ಹಿಂದೆ ಬಯಲೇ ಬಯಲು. ದೇಶ ಕಂಡದ್ದು ಮಾತ್ರ ಗೋಲ್‌ಕೀಪರ್‌ನನ್ನು. ಲಂಚ ತಿಂದ, ದೇಶಕ್ಕೆ ದ್ರೋಹ ಬಗೆದ ಎಂಬ ಮಾತೆಲ್ಲ ನೇಗಿಯವರ ಮೇಲೆ ಬಿದ್ದವು. ಮುಂದೆ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತ ಚಿನ್ನ ಗೆದ್ದಾಗ ಅವರು ಗೋಲ್‌ಕೀಪಿಂಗ್ ತರಬೇತುದಾರ. 2007ರಲ್ಲಿ ‘ಚಕ್ ದೇ ಇಂಡಿಯಾ’ ಸಿನಿಮಾ ಬಂದಾಗ ಅನೇಕರು ಅದರಲ್ಲಿ ಅವರ ಬದುಕಿನ ಎಳೆ ಕಂಡರು.

ಬ್ರೆಜಿಲ್‌ನಲ್ಲಿ ಮೋಸಿರ್ ಬರ್ಬೋಸಾಗೆ ಇಷ್ಟು ಕರುಣೆಯೂ ಸಿಗಲಿಲ್ಲ. 1950ರ ಜುಲೈ 16, ರಿಯೊ ನಗರದ ಮರಕಾನಾ ಕ್ರೀಡಾಂಗಣ. ವಿಶ್ವಕಪ್ ಗೆಲ್ಲಲು ಬ್ರೆಜಿಲ್‌ಗೆ ಡ್ರಾ ಸಾಕಿತ್ತು. ಉರುಗ್ವೆ 2-1ರಿಂದ ಗೆದ್ದಿತು. 79ನೇ ನಿಮಿಷದಲ್ಲಿ ಗಿಗ್ಗಿಯಾ ಹೊಡೆದ ಚೆಂಡು ಗೋಲ್‌ಕೀಪರ್ ಬರ್ಬೋಸಾ ಮತ್ತು ಹತ್ತಿರದ ಕಂಬದ ನಡುವೆ ನುಗ್ಗಿತು. 2000ದಲ್ಲಿ ತೀರಿಕೊಳ್ಳುವವರೆಗೂ ಆ ಮನುಷ್ಯ ಅದರ ಶಿಕ್ಷೆ ಅನುಭವಿಸಿದ. ಅದೇ ಬ್ರೆಜಿಲ್ ಹಿಂದಿನ ಎರಡು ಪಂದ್ಯಗಳಲ್ಲಿ ಸ್ವೀಡನ್ ವಿರುದ್ಧ ಏಳು, ಸ್ಪೇನ್ ವಿರುದ್ಧ ಆರು ಗೋಲು ಬಾರಿಸಿತ್ತು. ಎರಡು ಪಂದ್ಯಕ್ಕೆ ಹದಿಮೂರು ಹೊಡೆದ ಮುಂದಿನ ಸಾಲು ಫೈನಲ್‌ಗೆ ಸಮನಾದ ಆ ಪಂದ್ಯದಲ್ಲಿ ಒಂದಕ್ಕೇ ನಿಂತಿತು. ಅವರನ್ನು ಯಾರೂ ಐವತ್ತು ವರ್ಷ ಶಪಿಸಲಿಲ್ಲ. ಹೊಡೆಯದ ಗೋಲಿಗೆ ಫೋಟೊ ಇರುವುದಿಲ್ಲ, ತಡೆಯದ ಗೋಲಿಗೆ ಇರುತ್ತದೆ.

ಈಗ ಸುಳ್ಯದ ದಾರಿ ಹಿಡಿದು ಕಬಡ್ಡಿಗೆ ಹೋಗೋಣ. ನನ್ನ ಮಟ್ಟಿಗೆ ಈ ಇಡೀ ವಾದಕ್ಕೆ ಕಬಡ್ಡಿಯಷ್ಟು ಚೊಕ್ಕ ಸಾಕ್ಷಿ ಬೇರೆಯಿಲ್ಲ, ಏಕೆಂದರೆ ಇಲ್ಲಿ ದಾಳಿಗೂ ರಕ್ಷಣೆಗೂ ನಡುವಿನ ಸಾಲದ ಲೆಕ್ಕವನ್ನು ನಿಯಮವೇ ಬರೆದಿಟ್ಟಿದೆ. ಅಂಕಣದಲ್ಲಿ ಏಳು ಜನ. ರೈಡರ್ ಹೋಗಿ ಸಿಕ್ಕಿಬಿದ್ದರೆ ಎದುರಿನವರಿಗೆ ಒಂದು ಅಂಕ. ಪೆಟ್ಟು ಅಲ್ಲಿಗೇ ಮುಗಿಯುವುದಿಲ್ಲ. ಅವರ ಔಟಾದ ಒಬ್ಬ ಒಳಗೆ ಬರುತ್ತಾನೆ, ನಮ್ಮವನೊಬ್ಬ ಹೊರಗೆ ಹೋಗುತ್ತಾನೆ. ಮುಂದಿನ ರೈಡ್‌ಗೆ ನಮ್ಮ ಕಡೆ ಸರಪಳಿ ಕಟ್ಟಲು ಆರೇ ಜನ, ಆಮೇಲೆ ಐದು. ಮೂಲೆಯ ಆಟಗಾರನ ಪಕ್ಕದಲ್ಲಿ ಇರಬೇಕಾದ ಜೋಡಿ ಬೆಂಚಿನಲ್ಲಿ ಕೂತಿದ್ದಾನೆ. ಆಗ ಎದುರಾಳಿ ರೈಡರ್ ಇಬ್ಬರನ್ನು ಒಟ್ಟಿಗೆ ಮುಟ್ಟಿ ಹೋದರೆ ಜನ ಬೈಯುವುದು ಮೂಲೆಯವನನ್ನು. ಕೊನೆಗೆ ಏಳೂ ಜನ ಔಟಾದರೆ ಆಲ್‌ಔಟ್, ಎದುರಾಳಿಗೆ ಇನ್ನೆರಡು ಅಂಕ.

ಇದು ಎರಡೂ ಕಡೆಗೆ ಹರಿಯುತ್ತದೆ. ಬೋನಸ್ ಗೆರೆ ಮುಟ್ಟಿ ಬಂದರೆ ಅಂಕ ಬರುತ್ತದೆ, ಆದರೆ ಔಟಾದವರಲ್ಲಿ ಒಬ್ಬನೂ ಒಳಗೆ ಬರುವುದಿಲ್ಲ. ಹೀಗಾಗಿ ಬೋನಸ್ಸಿನ ಮೇಲೆ ಬೋನಸ್ ತಂದು ತನ್ನ ಖಾತೆ ತುಂಬಿಸಿಕೊಳ್ಳುವ ರೈಡರ್, ಸ್ಕೋರ್ ಹಾಳೆಯಲ್ಲಿ ಹೀರೋ ಆಗಿ ಕಂಡರೂ ಹಿಂದಿನವರನ್ನು ಬಡವಾಗಿಯೇ ಬಿಟ್ಟಿರುತ್ತಾನೆ. ಅತ್ತ ರಕ್ಷಣೆಯವರು ಆತುರಪಟ್ಟು ಮುನ್ನುಗ್ಗಿ ಔಟಾದರೆ ಮುಂದಿನ ರೈಡ್‌ಗೆ ಒಳ್ಳೆಯ ರೈಡರ್ರೇ ಉಳಿದಿರದೆ ಮೂಲೆಯವನನ್ನೇ ರೈಡ್‌ಗೆ ಅಟ್ಟಬೇಕಾಗುತ್ತದೆ. ಈ ಚಕ್ರ ಒಳ್ಳೆಯ ದಿಕ್ಕಿಗೆ ತಿರುಗಿದ್ದನ್ನು 2019ರ ಜನವರಿ 5ರಂದು ಮುಂಬೈನಲ್ಲಿ ನೋಡಿದೆವು. ಪ್ರೊ ಕಬಡ್ಡಿ ಆರನೇ ಋತುವಿನ ಫೈನಲ್‌ನಲ್ಲಿ ಅರ್ಧ ಸಮಯಕ್ಕೆ ಹಿಂದೆ ಬಿದ್ದಿದ್ದ ಬೆಂಗಳೂರು ಬುಲ್ಸ್ ಕೊನೆಗೆ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಎಲ್ಲರೂ ಆ 22ನ್ನು ಹೊಗಳಿದರು, ಸರಿಯೇ. ಆದರೆ ಅವರು ಮುಟ್ಟಿದ ಒಬ್ಬೊಬ್ಬನಿಗೆ ಬುಲ್ಸ್‌ನ ಒಬ್ಬೊಬ್ಬ ಒಳಗೆ ಬರುತ್ತಿದ್ದ ಎಂಬುದನ್ನೂ ಲೆಕ್ಕ ಹಿಡಿಯಿರಿ. ಆ ರೈಡ್‌ಗಳು ಅಂಕ ತಂದಷ್ಟೇ ರಕ್ಷಣೆಗೆ ಜನರನ್ನೂ ತಂದವು.

ಫುಟ್‌ಬಾಲ್‌ಗೆ ಬಂದರೆ ಬೆಂಗಳೂರಿನವರಿಗೆ ಇನ್ನೂ ಮಾಸದ ಗಾಯ ಒಂದಿದೆ. 2018ರ ಮಾರ್ಚ್ 17, ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ ಫೈನಲ್. ಲೀಗ್ ಹಂತದಲ್ಲಿ 40 ಅಂಕ ಗಳಿಸಿ, ಎರಡನೇ ಸ್ಥಾನದವರಿಗಿಂತ ಎಂಟು ಅಂಕ ಮುಂದಿದ್ದ ಬೆಂಗಳೂರು ಎಫ್‌ಸಿ ತನ್ನ ಮನೆಯಂಗಳದಲ್ಲೇ ಚೆನ್ನೈಯಿನ್ ಎಫ್‌ಸಿಗೆ 2-3ರಿಂದ ಸೋತಿತು. 9ನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಹೆಡ್ ಮಾಡಿ ಮುನ್ನಡೆ ಕೊಟ್ಟರು. 17ರಲ್ಲಿ, ಮತ್ತೆ ವಿರಾಮಕ್ಕೆ ಸ್ವಲ್ಪ ಮುಂಚೆ, ಚೆನ್ನೈಯಿನ್‌ನ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳನ್ನು ತಲೆಯಿಂದ ಗೋಲಿಗೆ ಕಳಿಸಿದರು. 67ರಲ್ಲಿ ಮೂರನೆಯದು. ಇಂಜುರಿ ಟೈಮ್‌ನಲ್ಲಿ ಬೆಂಗಳೂರಿನ ಮಿಕು ಹೊಡೆದ ಗೋಲು ಸಾಲಲಿಲ್ಲ.

ಒಬ್ಬನೇ ಆಟಗಾರ, ಒಂದೇ ರೀತಿಯಲ್ಲಿ, ಎರಡು ಸಲ. ಡಿಫೆನ್ಸ್ ಮಲಗಿತ್ತು ಎನ್ನದೆ ಇನ್ನೇನು ಹೇಳುವುದು? ಆದರೆ ಕಾರ್ನರ್ ಹೊತ್ತಿಗೆ ಡಿಫೆನ್ಸ್ ಎಂದರೆ ಯಾರು? ಅಲ್ಲಿ ಇಡೀ ತಂಡ ಹಿಂದಕ್ಕೆ ಬಂದಿರುತ್ತದೆ. ಎತ್ತರದ ಸ್ಟ್ರೈಕರ್‌ಗೆ ಕಂಬದ ಹತ್ತಿರ ಜಾಗ, ವಿಂಗ್ ಆಟಗಾರನಿಗೆ ಪೆನಾಲ್ಟಿ ಬಾಕ್ಸ್ ಅಂಚಿನ ಜವಾಬ್ದಾರಿ. ಯಾರು ಯಾರ ಬೆನ್ನು ಹಿಡಿಯಬೇಕು ಎಂಬ ಪಟ್ಟಿಯನ್ನು ಕೋಚ್ ಪಂದ್ಯಕ್ಕೆ ಮೊದಲೇ ಹಂಚಿರುತ್ತಾನೆ. ಮೊದಲ ಕಾರ್ನರ್‌ನಲ್ಲಿ ಪಟ್ಟಿ ಕೆಲಸ ಮಾಡಲಿಲ್ಲ ಎಂದು ಗೊತ್ತಾದ ಮೇಲೆ ಎರಡನೆಯದಕ್ಕೆ ಬದಲಾಯಿಸಬೇಕಿತ್ತು. ಇಂಥ ಗೋಲಿಗೆ ದಾಳಿ, ರಕ್ಷಣೆ ಎಂಬ ಎರಡು ಡಬ್ಬಿಗಳೇ ಹೊಂದುವುದಿಲ್ಲ. ಕಾಞಂಗಾಡಿನ ಕಡೆಯ ಸೆವೆನ್ಸ್ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಪುಟ್ಟ ಮೈದಾನ, ಏಳೇ ಜನ. ಮುಂದೆ ಚೆಂಡು ಕಳೆದವನು ಎರಡು ಹೆಜ್ಜೆ ಹಿಂದಕ್ಕೆ ಓಡದಿದ್ದರೆ ಗ್ಯಾಲರಿಯಿಂದ ಬೈಗುಳ ಬೀಳುವುದು ಅವನಿಗೇ. ದೊಡ್ಡ ಮೈದಾನದಲ್ಲಿ ನಮ್ಮ ಕಣ್ಣಿಗೆ ಆ ದೂರ ಕಾಣುವುದಿಲ್ಲ, ಅಷ್ಟೆ. ಇಟಲಿಯ ಮಿಲಾನ್ ತಂಡವನ್ನು 1980ರ ದಶಕದ ಕೊನೆಗೆ ಯುರೋಪಿನ ಚಾಂಪಿಯನ್ ಮಾಡಿದ ಅರಿಗೊ ಸಾಕಿ, ಕೊನೆಯ ಡಿಫೆಂಡರ್‌ನಿಂದ ಮೊದಲ ಸ್ಟ್ರೈಕರ್‌ವರೆಗೆ ಸುಮಾರು 25 ಮೀಟರಿನೊಳಗೆ ಇರಬೇಕೆಂದು ಹಟ ಹಿಡಿದದ್ದು ಇದೇ ಕಾರಣಕ್ಕೆ. ಚೆಂಡು ಹೋದ ಕ್ಷಣದಲ್ಲಿ ಹತ್ತಿರ ಇರುವವನೇ ಮೊದಲ ಕಾವಲುಗಾರ.

ದಾಳಿ ಮತ್ತು ರಕ್ಷಣೆ ನಿಜಕ್ಕೂ ಎರಡು ಬೇರೆ ತಂಡಗಳೇ ಆಗಿರುವ ಆಟ ಒಂದಿದೆ: ಅಮೆರಿಕನ್ ಫುಟ್‌ಬಾಲ್. ಮಿಷಿಗನ್ನಲ್ಲೋ ಟೆಕ್ಸಸ್ಸಿನಲ್ಲೋ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳು ಶನಿವಾರವಾದರೆ ತಮ್ಮ ವಿಶ್ವವಿದ್ಯಾಲಯದ ಬಣ್ಣ ತೊಟ್ಟು ಹೋಗುವ ಆಟ ಅದು. ಅಲ್ಲಿ ಚೆಂಡು ನಮ್ಮದಾದಾಗ ಹನ್ನೊಂದು ಜನ ಒಳಗೆ, ಎದುರಿನವರದಾದಾಗ ಬೇರೆಯೇ ಹನ್ನೊಂದು. ಕೋಚ್‌ಗಳೂ ಬೇರೆ ಬೇರೆ. ತಪ್ಪು ಹಂಚಲು ಇದಕ್ಕಿಂತ ಅನುಕೂಲ ಎಲ್ಲಿ? ಆದರೂ ಅಲ್ಲೂ ಜಗಳ ತೀರುವುದಿಲ್ಲ. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಮೂರರಲ್ಲಿ ಆಗದಿದ್ದರೆ ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ. ದಾಳಿಯ ತಂಡ ಹೀಗೆ ಎರಡೇ ನಿಮಿಷದಲ್ಲಿ ಕೈಚೆಲ್ಲಿ ಹೊರಗೆ ಬರುತ್ತಿದ್ದರೆ, ಈಗಷ್ಟೇ ನೀರು ಕುಡಿಯಲು ಕೂತಿದ್ದ ರಕ್ಷಣೆಯ ತಂಡ ಮತ್ತೆ ಎದ್ದು ಓಡಬೇಕು. ಕೊನೆಯ ಹದಿನೈದು ನಿಮಿಷದಲ್ಲಿ ಅವರ ಕಾಲು ಸೋತಾಗ ಬೀಳುವ ಅಂಕಗಳು ಯಾರ ಲೆಕ್ಕಕ್ಕೆ?

ಐಯೊವಾ ವಿಶ್ವವಿದ್ಯಾಲಯದ 2023ರ ತಂಡ ಈ ಪ್ರಶ್ನೆಯನ್ನು ನಗೆಪಾಟಲಾಗುವ ಮಟ್ಟಕ್ಕೆ ಒಯ್ದಿತು. ಅವರ ರಕ್ಷಣೆ ದೇಶದ ಅತ್ಯುತ್ತಮ ಸಾಲಿನಲ್ಲಿತ್ತು, ದಾಳಿ ಅತಿ ಕಳಪೆಯ ಸಾಲಿನಲ್ಲಿ. ದಾಳಿಯ ಕೋಚ್ ಬ್ರಯನ್ ಫೆರೆಂಟ್ಜ್, ಮುಖ್ಯ ಕೋಚ್ ಕರ್ಕ್ ಫೆರೆಂಟ್ಜ್ ಅವರ ಮಗ. ತಂಡ ಪಂದ್ಯಕ್ಕೆ ಸರಾಸರಿ 25 ಅಂಕ ಗಳಿಸಬೇಕು ಎಂದು ಮಗನ ಒಪ್ಪಂದದಲ್ಲಿ ಬರೆಸಲಾಯಿತು. ತಮಾಷೆಯೆಂದರೆ ರಕ್ಷಣೆಯ ಆಟಗಾರರು ಚೆಂಡು ಕಸಿದು ಓಡಿ ಗಳಿಸಿದ ಅಂಕವೂ ಆ 25ರ ಲೆಕ್ಕಕ್ಕೆ ಸೇರುತ್ತಿತ್ತು! ದಾಳಿಯ ಮೌಲ್ಯಮಾಪನಕ್ಕೆಂದೇ ಬರೆದ ಕಾಗದದಲ್ಲೂ ಅದನ್ನು ರಕ್ಷಣೆಯಿಂದ ಬಿಡಿಸಲು ಅವರಿಗೆ ಆಗಲಿಲ್ಲ. ಋತು ಮುಗಿದಾಗ ಸರಾಸರಿ 25ರ ಹತ್ತಿರವೂ ಇರಲಿಲ್ಲ, ಹದಿನೈದು ಚಿಲ್ಲರೆ. ಆದರೂ ಹತ್ತು ಪಂದ್ಯ ಗೆದ್ದರು. ಕೊನೆಯ ಎರಡು ದೊಡ್ಡ ಪಂದ್ಯಗಳಲ್ಲಿ ಮಿಷಿಗನ್ ಎದುರು 0-26, ಟೆನೆಸಿ ಎದುರು 0-35. ಆ ವರ್ಷ ಕಾಲೇಜು ಆಟದ ಅತ್ಯುತ್ತಮ ಪಂಟರ್, ಅಂದರೆ ನಾಲ್ಕನೇ ಅವಕಾಶದಲ್ಲಿ ಚೆಂಡು ಒದ್ದು ಒಪ್ಪಿಸುವವನು, ಐಯೊವಾದ ಟೋರಿ ಟೇಲರ್. ದಾಳಿ ಅಷ್ಟು ಸಲ ಕೈಚೆಲ್ಲಿದರೆ ಒದೆಯುವವನಿಗೆ ಅಭ್ಯಾಸಕ್ಕೆ ಕೊರತೆಯೇ? ಸೊನ್ನೆ ಅಂಕ ಗಳಿಸಿದ ಪಂದ್ಯದಲ್ಲಿ 35 ಬಿಟ್ಟ ರಕ್ಷಣೆಯನ್ನು ಬೈಯುವುದಕ್ಕೂ ಒಂದು ಧೈರ್ಯ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ತಪ್ಪು ಅರ್ಧ ಅವರದು ಅರ್ಧ ಇವರದು ಎಂದು ಮುಗಿಸಬಹುದಲ್ಲ ಎನ್ನಿಸಬಹುದು. ಅದೇ ಆಗಬಾರದು. ಹಂಚಿಕೊಳ್ಳುವುದೆಂದರೆ ಸಮಪಾಲು ಮಾಡುವುದಲ್ಲ. ಸುಲಭದ ಚೆಂಡು ಗೋಲ್‌ಕೀಪರ್‌ನ ಪ್ಯಾಡಿನ ನಡುವೆ ನುಸುಳಿದರೆ ಅದು ಗೋಲ್‌ಕೀಪರ್‌ನ ತಪ್ಪೇ. ಮುಂದಿನ ಐವರನ್ನು ಎಳೆದು ತರುವ ಅಗತ್ಯವಿಲ್ಲ. ಕೊಡಗಿನಿಂದಲೇ ಹೋಗಿ 1992 ಮತ್ತು 1996ರ ಒಲಿಂಪಿಕ್ಸ್‌ಗಳಲ್ಲಿ ಭಾರತದ ಗೋಲು ಕಾಯ್ದ ಎ.ಬಿ. ಸುಬ್ಬಯ್ಯ ಅವರಂಥವರ ಕಸುಬಿಗೆ ಮರ್ಯಾದೆ ಕೊಡಬೇಕಾದರೆ ಆ ಕಸುಬಿನ ತಪ್ಪನ್ನು ತಪ್ಪೆನ್ನಲೂ ಬೇಕು. ಹಾಗೆಯೇ ಒಂದು ಗೋಲಿನ ಮುನ್ನಡೆಯನ್ನು ಕೊನೆಯ ಕ್ಷಣದಲ್ಲಿ ಕಳೆದುಕೊಂಡಾಗ, ಎರಡನೇ ಗೋಲು ಯಾಕೆ ಬರಲಿಲ್ಲ ಎಂದು ಮುಂದಿನವರನ್ನೂ ಕೇಳಬೇಕು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪೋಲೆಂಡ್ ಎದುರು ಗೆದ್ದರೆ ಭಾರತಕ್ಕೆ ಸೆಮಿಫೈನಲ್. 1-0 ಮುಂದಿದ್ದ ತಂಡ ಪಂದ್ಯ ಮುಗಿಯಲು ಎರಡು ನಿಮಿಷವೂ ಇಲ್ಲದಾಗ ಗೋಲು ತಿಂದು 1-1ಕ್ಕೆ ತೃಪ್ತಿಪಟ್ಟಿತು. ಕೊನೆಯ ಎರಡು ನಿಮಿಷದ ಬಗ್ಗೆ ಬರೆದಷ್ಟು, ಅದಕ್ಕೆ ಮುಂಚಿನ ಅರವತ್ತೆಂಟರ ಬಗ್ಗೆ ಯಾರೂ ಬರೆಯಲಿಲ್ಲ.

ಹುಡುಕುವ ದಾರಿ ಕಷ್ಟದ್ದೇನಲ್ಲ. ಈಗ ಕಾಲೇಜಿನ ಪ್ರತಿ ಪಂದ್ಯವನ್ನೂ ಯಾರೋ ಒಬ್ಬ ಮೊಬೈಲಿನಲ್ಲಿ ಹಿಡಿದೇ ಇರುತ್ತಾನೆ. ಬಿದ್ದ ಪ್ರತಿ ಗೋಲನ್ನು ಹಿಂದಕ್ಕೆ ಓಡಿಸಿ, ನಮ್ಮವನ ಕೈಯಿಂದ ಚೆಂಡು ಹೋದ ಜಾಗದವರೆಗೆ ಹೋಗಿ. ಅಲ್ಲಿ ನಿಲ್ಲಿಸಿ ಮೂರು ಸಂಗತಿ ನೋಡಿ: ಚೆಂಡು ಹೋದದ್ದು ಅನಿವಾರ್ಯವಾಗಿಯೋ ಉಡಾಫೆಯಿಂದಲೋ, ಹೋದ ಕೂಡಲೇ ಹತ್ತಿರದ ಇಬ್ಬರು ಹಿಂದೆ ಬಿದ್ದರೋ ಇಲ್ಲವೋ, ಆ ಹೊತ್ತಿಗೆ ಬ್ಯಾಕ್‌ಗಳು ಎಲ್ಲಿ ನಿಂತಿದ್ದರು. ಗೋಲು ಹೊಡೆಯಲಾಗದ ದಾಳಿಗಳನ್ನೂ ಹೀಗೇ ಹಿಂದಕ್ಕೆ ಓಡಿಸಿ. ಬ್ಯಾಕ್ ನೋಡದೆ ಬಾರಿಸಿ ಕಳಿಸಿದ ಚೆಂಡು ಎಷ್ಟು ಸಲ ನೇರ ಎದುರಾಳಿಗೆ ಸಿಕ್ಕಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ಫಾರ್ವರ್ಡ್ ಹಸಿದು ಕೂತದ್ದಕ್ಕೆ ಬಡಿಸುವವನೂ ಕಾರಣವಿರಬಹುದು.

ಕಾಲೇಜು ತಂಡಗಳಲ್ಲಿ ಇದಕ್ಕೆ ಅಡ್ಡ ಬರುವುದು ತಿಳಿವಳಿಕೆಯ ಕೊರತೆಗಿಂತ ಹೆಚ್ಚಾಗಿ ಹಿರಿತನ. ಸಾಮಾನ್ಯವಾಗಿ ಅಂತಿಮ ವರ್ಷದ ಅಣ್ಣಂದಿರು ಮುಂದಿನ ಸಾಲು ಹಿಡಿಯುತ್ತಾರೆ, ಈಗಷ್ಟೇ ಸೇರಿದ ಹುಡುಗನಿಗೆ ಬ್ಯಾಕ್ ಜಾಗ ಅಥವಾ ಪ್ಯಾಡು. ಸೋತಾಗ ಬೈಗುಳ ಕೆಳಕ್ಕೆ ಹರಿಯುತ್ತದೆ. ‘ಅಣ್ಣ, ಚೆಂಡು ಕಳೆದದ್ದು ನೀವು’ ಎನ್ನುವ ಧೈರ್ಯ ಯಾವ ಮೊದಲ ವರ್ಷದವನಿಗಿದೆ? 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗುವವರೆಗೆ ಮಂಗಳೂರು ವಿಶ್ವವಿದ್ಯಾಲಯದಡಿ ಆಡುತ್ತಿದ್ದ ಇಲ್ಲಿನ ಕಾಲೇಜುಗಳಿಗೆ ಈಗ ತಮ್ಮದೇ ಅಂತರ ಕಾಲೇಜು ಕೂಟಗಳಿವೆ. ಆ ಕೂಟ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಬೆಸ್ಟ್ ಫಾರ್ವರ್ಡ್, ಬೆಸ್ಟ್ ಡಿಫೆಂಡರ್, ಬೆಸ್ಟ್ ಗೋಲ್‌ಕೀಪರ್ ಎಂದು ಕೊಡುವ ಕಪ್ಪುಗಳ ಪಕ್ಕದಲ್ಲಿ ಇನ್ನೊಂದನ್ನು ಇಡಿ: ಎದುರಾಳಿಯಿಂದ ಅತಿ ಹೆಚ್ಚು ಸಲ ಚೆಂಡು ಕಸಿದ ಫಾರ್ವರ್ಡ್‌ಗೆ. ಲೆಕ್ಕ ಇಡಲು ಒಬ್ಬ ವಿದ್ಯಾರ್ಥಿ, ಒಂದು ಪೆನ್ನು ಸಾಕು.

ನೋಡುವವರಿಗೂ ಒಂದು ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಹಾಕಿ ಹಬ್ಬ 2025ರ ಮುದ್ದಂಡ ಕಪ್ ಹೊತ್ತಿಗೆ 396 ತಂಡಗಳಿಗೆ ಬೆಳೆದಿದೆ. ಮುಂದಿನ ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ, ಅಥವಾ ಘಟ್ಟದ ಕೆಳಗೆ ಸೆವೆನ್ಸ್ ನೋಡಲು ಕೂತಾಗ, ಗೋಲು ಬಿದ್ದ ಕೂಡಲೇ ಗೋಲ್‌ಕೀಪರ್ ಕಡೆ ತಿರುಗಬೇಡಿ. ಅತ್ತ ಕಡೆ, ಚೆಂಡು ಕಳೆದ ಜಾಗದಲ್ಲಿ ಆ ಫಾರ್ವರ್ಡ್ ಏನು ಮಾಡುತ್ತಿದ್ದಾನೆ ನೋಡಿ. ಏದುಸಿರು ಬಿಡುತ್ತಾ ಹಿಂದೆ ಓಡಿ ಬಂದಿದ್ದರೆ ಅವನನ್ನು ಬಿಟ್ಟುಬಿಡಿ. ಸೊಂಟದ ಮೇಲೆ ಕೈಯಿಟ್ಟು ನಿಂತಲ್ಲೇ ನಿಂತಿದ್ದರೆ, ಬೈಯುವುದಿದ್ದರೆ ಮೊದಲು ಅವನನ್ನು ಬೈಯಿರಿ.